ದಡ ಸೇರಿದ ಬ್ಯಾಟರಿ ಸುಮ್ಮನಿರುವುದಿಲ್ಲ

ಮೇ ತಿಂಗಳ ಕೊನೆಯ ವಾರ ಮಲ್ಪೆ ಬಂದರಿನಲ್ಲಿ ಕಾಲಿಡಲು ಜಾಗ ಸಿಗುವುದು ಕಷ್ಟ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಸಣ್ಣ ಎಂಜಿನ್ನಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಆಳಸಮುದ್ರಕ್ಕೆ ಹೋದ ಟ್ರಾಲ್ ಬೋಟು, ಪರ್ಸೀನ್ ಬೋಟುಗಳೆಲ್ಲ ಒಂದೊಂದಾಗಿ ಬಂದು, ಒಂದರ ಮಗ್ಗುಲಿಗೆ ಒಂದು ಒತ್ತಿಕೊಂಡು ನಿಲ್ಲುತ್ತವೆ. ಮಂಗಳೂರಿನ ದಕ್ಕೆಯಲ್ಲಿ, ಗಂಗೊಳ್ಳಿಯಲ್ಲಿ, ಭಟ್ಕಳ, ಹೊನ್ನಾವರ, ಕಾರವಾರಗಳಲ್ಲೂ ಆ ದಿನಗಳಲ್ಲಿ ಇದೇ ನೋಟ. ಆಮೇಲೆ ಇಳಿಸುವ ಕೆಲಸ ಶುರು. ಬಲೆ, ಹಗ್ಗ, ವಯರ್‌ಲೆಸ್, ಜಿಪಿಎಸ್, ಫಿಶ್ ಫೈಂಡರ್, ಅಡುಗೆಯ ಪಾತ್ರೆಪಗಡ. ಎಲ್ಲ ಇಳಿದ ಮೇಲೆ ಎಂಜಿನ್ ಕೋಣೆಯಿಂದ ಬ್ಯಾಟರಿ.

ಹೀಗೆ ಇಳಿದ ಸಾಮಾನುಗಳಲ್ಲಿ ಬಲೆ, ಹಗ್ಗಗಳನ್ನು ಮಳೆ ತಾಗದ ಜಾಗದಲ್ಲಿಟ್ಟರೆ ಎರಡು ತಿಂಗಳು ಅವುಗಳ ಪಾಡಿಗೆ ಅವು ಇರುತ್ತವೆ. ಬ್ಯಾಟರಿ ಹಾಗಲ್ಲ. ಅದರ ತಂತಿ ಬಿಚ್ಚಿದರೂ ಒಳಗಿನ ರಾಸಾಯನಿಕ ಕ್ರಿಯೆ ನಿಲ್ಲುವುದಿಲ್ಲ. ಜಗಲಿಯ ಮೂಲೆಯಲ್ಲಿ ಗೋಣಿ ಹೊದಿಸಿಟ್ಟಿದ್ದರೂ ಅದು ಕರಗುತ್ತಿರುತ್ತದೆ, ಚಾರ್ಜಿಗೆ ಹಾಕಿದರೆ ಅನಿಲ ಬಿಡುತ್ತಿರುತ್ತದೆ, ತಪ್ಪಿ ಸ್ಪ್ಯಾನರ್ ಬಿದ್ದರೆ ಕಿಡಿ ಕಾರುತ್ತದೆ. ಬೋಟಿನ ಬ್ಯಾಟರಿಯ ಅಪಾಯವನ್ನು ನಾವು ಕಡಲಿಗೆ ಸೇರಿದ್ದೆಂದು ತಿಳಿದಿದ್ದೇವೆ. ಅದನ್ನು ಎತ್ತುವಾಗ, ಟೆಂಪೊದಲ್ಲಿ ಸಾಗಿಸುವಾಗ, ಮನೆಯಲ್ಲಿ ಇಟ್ಟಿರುವಾಗ ಒದಗುವ ಅಪಾಯ ಅದಕ್ಕಿಂತ ಹೆಚ್ಚಿನದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಗುರಿಯಾಗುವವರು ಕಲಾಸಿಗಳು, ರಿಕ್ಷಾದವರು, ಬ್ಯಾಟರಿ ಅಂಗಡಿಯ ಹುಡುಗರು, ಆ ಮನೆಯ ಮಕ್ಕಳು.

ನಮ್ಮ ಬೋಟುಗಳಲ್ಲಿ ಇಂದಿಗೂ ಹೆಚ್ಚಾಗಿ ಇರುವುದು ಸೀಸ ಮತ್ತು ಆ್ಯಸಿಡ್‌ನ ಬ್ಯಾಟರಿ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಇದನ್ನು ರೂಪಿಸಿದ್ದು 1859ರಲ್ಲಿ. ಅಂದಿನಿಂದ ಇದರ ಹೂರಣ ಹೆಚ್ಚೇನೂ ಬದಲಾಗಿಲ್ಲ: ಸೀಸದ ಫಲಕಗಳು, ಅವುಗಳ ನಡುವೆ ನೀರು ಬೆರೆಸಿದ ಗಂಧಕಾಮ್ಲ. ಎರಡು ವೋಲ್ಟಿಗೆ ತುಸು ಹೆಚ್ಚು ಕೊಡುವ ಆರು ಸೆಲ್‌ಗಳು ಸಾಲಾಗಿ ಸೇರಿ 12 ವೋಲ್ಟ್ ಆಗುತ್ತದೆ. ದೊಡ್ಡ ಎಂಜಿನ್ ಸ್ಟಾರ್ಟ್ ಮಾಡಲು 24 ವೋಲ್ಟ್ ಬೇಕು. ಅಲ್ಲಿ ಇಂಥ ಎರಡನ್ನು ಜೋಡಿಸುತ್ತಾರೆ. 100 ಆಂಪಿಯರ್-ಗಂಟೆಯ ಒಂದು ಬ್ಯಾಟರಿ 25ರಿಂದ 30 ಕಿಲೋ ತೂಗುತ್ತದೆ. ಲಾರಿಗೂ ಬೋಟಿಗೂ ಹಾಕುವ ದೊಡ್ಡವು 50 ಕಿಲೋ ದಾಟುತ್ತವೆ. ಆ ತೂಕದ ಸುಮಾರು ನೂರಕ್ಕೆ ಅರವತ್ತು ಪಾಲು ಸೀಸ.

12 ವೋಲ್ಟ್ ಮುಟ್ಟಿದರೆ ಷಾಕ್ ಹೊಡೆಯುವುದಿಲ್ಲ ಎಂಬುದು ನಿಜ. ಜನರ ಭಯ ಹೋಗುವುದೂ ಅಲ್ಲಿಯೇ. ಆದರೆ ಎರಡು ಟರ್ಮಿನಲ್‌ಗಳ ನಡುವೆ ಒಂದು ಕಬ್ಬಿಣದ ತುಂಡು ಅಡ್ಡ ಬಿದ್ದರೆ ಸಾವಿರ ಆಂಪಿಯರ್ ಮೀರಿದ ವಿದ್ಯುತ್ತು ಅದರೊಳಗೆ ನುಗ್ಗಬಲ್ಲದು. ಸ್ಪ್ಯಾನರ್ ಅಲ್ಲೇ ಬೆಸೆದುಕೊಂಡು ಕೆಂಪಗಾಗುತ್ತದೆ. ಬೆರಳಿನ ಉಂಗುರ ಅಡ್ಡ ಬಂದರೆ ಲೋಹ ಕಾದು ಬೆರಳಿನ ಸುತ್ತ ಮಾಂಸವನ್ನೇ ಸುಡುತ್ತದೆ. ಬ್ಯಾಟರಿಗೆ ಕೈ ಹಾಕುವ ಮುನ್ನ ಉಂಗುರ, ಕಡಗ, ಕೈಗಡಿಯಾರ, ಕತ್ತಿನ ಚೈನು ತೆಗೆದಿಡಬೇಕು. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಿಕೊಳ್ಳುವುದಕ್ಕೆ ಹತ್ತು ರೂಪಾಯಿಯೂ ಆಗುವುದಿಲ್ಲ.

ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಹಾಕುವಾಗ ಇದರ ತಿರುಗುಮುರುಗು. ಇದು ಸುಮ್ಮನೆ ಬಂದ ವಾಡಿಕೆಯಲ್ಲ. ಸಾಮಾನ್ಯವಾಗಿ ಎಂಜಿನ್ನಿನ ಮೈಯೆಲ್ಲ ನೆಗೆಟಿವ್‌ಗೆ ಸೇರಿರುತ್ತದೆ. ನೆಗೆಟಿವ್ ಇನ್ನೂ ಕೂಡಿಕೊಂಡಿರುವಾಗ ಪಾಸಿಟಿವ್ ನಟ್ಟು ತಿರುಗಿಸಹೋಗಿ ಸ್ಪ್ಯಾನರಿನ ತುದಿ ಎಂಜಿನ್ನಿಗೆ ತಗುಲಿತೆನ್ನಿ, ಅಲ್ಲೇ ಷಾರ್ಟ್. ಉಕ್ಕಿನ ಬೋಟುಗಳಲ್ಲಿ ತಗುಲುವ ಜಾಗ ಇನ್ನೂ ಹೆಚ್ಚು. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ಸ್ಪ್ಯಾನರ್ ಎಲ್ಲಿಗೆ ತಗುಲಿದರೂ ಆ ದಾರಿ ಕಡಿದಿರುತ್ತದೆ. ಚಾರ್ಜ್ ಆಗುತ್ತಿದ್ದ ಬ್ಯಾಟರಿಯಾದರೆ ಎಂಜಿನ್ ನಿಲ್ಲಿಸಿ, ಕೋಣೆಯ ಬಾಗಿಲು ತೆರೆದು, ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಬೇಕು. ಸೆಲ್‌ಗಳ ಒಳಗೂ ಮುಚ್ಚಳದ ಸುತ್ತಲೂ ಆಗ ಜಲಜನಕ ತುಂಬಿರುತ್ತದೆ.

ಈ ಜಲಜನಕದ ಬಗ್ಗೆ ನಿಧಾನವಾಗಿ ಹೇಳಬೇಕು. ಚಾರ್ಜಿಂಗ್ ಮುಗಿಯುವ ಹೊತ್ತಿಗೆ, ಒಂದೊಂದು ಸೆಲ್ ಸುಮಾರು 2.4 ವೋಲ್ಟ್ ತಲುಪಿದಾಗ, ವಿದ್ಯುತ್ತು ಫಲಕಗಳಲ್ಲಿ ಕೂಡಿಕೊಳ್ಳುವ ಬದಲು ನೀರನ್ನೇ ಒಡೆಯತೊಡಗುತ್ತದೆ. ಜಲಜನಕವೂ ಆಮ್ಲಜನಕವೂ ಗುಳ್ಳೆಯಾಗಿ ಮೇಲೇಳುತ್ತವೆ. ಗಾಳಿಯಲ್ಲಿ ಜಲಜನಕದ ಪಾಲು ನೂರಕ್ಕೆ ನಾಲ್ಕು ದಾಟಿದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದು ನೂರಕ್ಕೆ ಎಪ್ಪತ್ತೈದರವರೆಗೆ ಏರಿದರೂ ಆ ಗುಣ ಹೋಗುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಅನಿಲದಂತೆ ಮೂಗಿಗೆ ಹೊಡೆದು ಎಚ್ಚರಿಸುವುದಿಲ್ಲ.

ಇದರ ಬೆಲೆಯನ್ನು ಜಲಾಂತರ್ಗಾಮಿಗಳಲ್ಲಿ ಜಗತ್ತು ತೆತ್ತಿದೆ. ಅಲ್ಲಿ ಹಳೆಯ ಶತ್ರು ಇನ್ನೊಂದಿತ್ತು. ಸೀಸದ ಬ್ಯಾಟರಿಯೊಳಗೆ ಉಪ್ಪುನೀರು ನುಗ್ಗಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮುಚ್ಚಿದ ಹಡಗಿನಲ್ಲಿ ಅದು ಉಸಿರು ಕಟ್ಟಿಸಿ ಕೊಲ್ಲುತ್ತದೆ. ಅದನ್ನು ತಪ್ಪಿಸಲೆಂದು ಅಮೆರಿಕದ ನೌಕಾಪಡೆ ಆ್ಯಸಿಡ್ ಇಲ್ಲದ, ಥಾಮಸ್ ಎಡಿಸನ್ ರೂಪಿಸಿದ ಬ್ಯಾಟರಿಯನ್ನು ಇ-2 ಎಂಬ ಜಲಾಂತರ್ಗಾಮಿಯಲ್ಲಿ ಹಾಕಿ ನೋಡಿತು. 1916ರ ಜನವರಿ 15ರಂದು ಬ್ರೂಕ್ಲಿನ್‌ನ ನೌಕಾಂಗಣದಲ್ಲಿ ದುರಸ್ತಿಗೆಂದು ನಿಂತಿದ್ದ ಆ ಹಡಗಿನಲ್ಲಿ ಜಲಜನಕ ಸ್ಫೋಟಿಸಿ ಒಳಗೆ ಕೆಲಸದಲ್ಲಿದ್ದವರು ಸತ್ತರು. ಕ್ಲೋರಿನ್ನಿನ ಭಯ ಹೋಗಿತ್ತು, ಜಲಜನಕ ಅಲ್ಲೇ ಇತ್ತು. ನಮ್ಮಲ್ಲೂ 2010ರ ಫೆಬ್ರುವರಿಯಲ್ಲಿ ವಿಶಾಖಪಟ್ಟಣದಲ್ಲಿ ನಿಂತಿದ್ದ ಐಎನ್‌ಎಸ್ ಸಿಂಧುರಕ್ಷಕ್‌ನ ಬ್ಯಾಟರಿ ವಿಭಾಗದಲ್ಲಿ ಬೆಂಕಿ ಎದ್ದು ಒಬ್ಬ ನಾವಿಕ ತೀರಿಕೊಂಡ. ಬ್ಯಾಟರಿಯ ಕವಾಟವೊಂದು ಕೆಟ್ಟು ಜಲಜನಕ ಸೋರಿದ್ದು ಕಾರಣವೆಂದು ಆಗ ಹೇಳಲಾಯಿತು. ಎರಡೂ ಹಡಗುಗಳು ಆ ಹೊತ್ತಿನಲ್ಲಿ ಆಳ ಕಡಲಿನಲ್ಲಿರಲಿಲ್ಲ, ದಡದಲ್ಲಿದ್ದವು.

ಮೀನುಗಾರನ ಮನೆಯ ಲೆಕ್ಕಕ್ಕೆ ಬರೋಣ. ಚಾರ್ಜ್ ತುಂಬಿದ ಮೇಲೂ ಬ್ಯಾಟರಿಗೆ ಹರಿಯುವ ಒಂದೊಂದು ಆಂಪಿಯರ್-ಗಂಟೆಗೆ ಒಂದು ಸೆಲ್‌ನಿಂದ ಸುಮಾರು 0.45 ಲೀಟರ್ ಜಲಜನಕ ಹೊರಡುತ್ತದೆ. ಆರು ಸೆಲ್‌ಗೆ 2.7 ಲೀಟರ್. ತಾನಾಗಿ ನಿಲ್ಲದ ಹಳೆಯ ಚಾರ್ಜರಿನಲ್ಲಿ 10 ಆಂಪಿಯರಿನಂತೆ 10 ಗಂಟೆ ಬಿಟ್ಟರೆ ಒಂದು ಬ್ಯಾಟರಿಯಿಂದ 270 ಲೀಟರ್. ಸಾಲಾಗಿ ನಾಲ್ಕು ಬ್ಯಾಟರಿ ಜೋಡಿಸಿದ್ದರೆ 1,080 ಲೀಟರ್. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿರುವ ಗಾಳಿ ಸುಮಾರು 28,300 ಲೀಟರ್. ಅದರ ನೂರಕ್ಕೆ ನಾಲ್ಕು ಎಂದರೆ 1,130 ಲೀಟರ್. ಒಂದೇ ರಾತ್ರಿಯಲ್ಲಿ ಇಡೀ ಕೋಣೆ ಗಡಿಯ ಹತ್ತಿರ ಬಂದು ನಿಲ್ಲುತ್ತದೆ. ಬ್ಯಾಟರಿಯ ಮುಚ್ಚಳದ ಪಕ್ಕದಲ್ಲಿ, ಸೂರಿನ ಮೂಲೆಯಲ್ಲಿ ಆ ಗಡಿ ಎಷ್ಟೋ ಮೊದಲೇ ದಾಟಿರುತ್ತದೆ.

ಕರಾವಳಿಯ ಹಳೆಯ ಹಂಚಿನ ಮನೆಗಳು ಈ ವಿಷಯದಲ್ಲಿ ನಮ್ಮನ್ನು ಕಾಪಾಡಿಕೊಂಡು ಬಂದಿವೆ ಎನ್ನಬೇಕು. ಜಲಜನಕ ಗಾಳಿಗಿಂತ ತೀರ ಹಗುರ. ಹಂಚಿನ ಸಂದುಗಳಲ್ಲಿ ನುಸುಳಿ ಹೊರಟುಹೋಗುತ್ತದೆ. ಈಗಿನ ತಾರಸಿ ಮನೆಗಳಲ್ಲಿ ಅದಕ್ಕೆ ದಾರಿಯಿಲ್ಲ. ಜೂನಿನ ಎರಚಲು ಮಳೆಗೆ ಕಿಟಕಿಗಳನ್ನೂ ಮುಚ್ಚಿರುತ್ತೇವೆ. ಮೊದಲು ಚಾವಡಿಯಲ್ಲಿ ಮಾಡುತ್ತಿದ್ದ ಕೆಲಸವನ್ನೇ ಈಗ ಮುಚ್ಚಿದ ಕೋಣೆಯಲ್ಲಿ ಮಾಡಿದರೆ ಫಲ ಬೇರೆಯಾಗುತ್ತದೆ. ಚಾರ್ಜಿಗೆ ಹಾಕುವ ಜಾಗ ಮೇಲ್ಭಾಗದಲ್ಲಿ ತೆರಪಿರುವ, ಮಳೆ ಬೀಳದ, ಜನ ಮಲಗದ ಜಾಗವಾಗಿರಬೇಕು. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ, ಬೀಡಿ ಯಾವುದೂ ಹತ್ತಿರವಿರಬಾರದು. ಚಾರ್ಜರಿನ ಕ್ಲಿಪ್ಪುಗಳನ್ನು ಸಿಕ್ಕಿಸುವಾಗಲೂ ಬಿಡಿಸುವಾಗಲೂ ಗೋಡೆಯ ಸ್ವಿಚ್ ಆರಿಸಿರಲೇಬೇಕು. ಕ್ಲಿಪ್ಪಿನಿಂದ ಹಾರುವ ಸಣ್ಣ ಕಿಡಿಗೆ ಮುಚ್ಚಳ ಸಿಡಿದು ಮುಖಕ್ಕೆ ಆ್ಯಸಿಡ್ ಎರಚಿದ ಸಂಗತಿ ಬ್ಯಾಟರಿ ಕೆಲಸದವರಿಗೆ ಹೊಸದಲ್ಲ.

ಇನ್ನು ಸಾಗಾಟ. ಒತ್ತೊತ್ತಾಗಿ ನಿಂತ ಬೋಟುಗಳಲ್ಲಿ ನಿಮ್ಮದು ನಾಲ್ಕನೆಯದೋ ಐದನೆಯದೋ ಆಗಿದ್ದರೆ ಬ್ಯಾಟರಿ ಹೊತ್ತವನು ಅಲುಗಾಡುವ ಅಷ್ಟೂ ಬೋಟುಗಳನ್ನು ದಾಟಿ ದಕ್ಕೆಗೆ ಬರಬೇಕು. ಅಂಚು ಒದ್ದೆ, ಕಾಲಡಿ ಜಾರು, ಕೈಯಲ್ಲಿ 50 ಕಿಲೋ. ಇದು ಒಬ್ಬನ ಕೆಲಸವೇ ಅಲ್ಲ. ಇಬ್ಬರು ಹಿಡಿಯಬೇಕು, ಬೋಟಿನಿಂದ ಬೋಟಿಗೆ ದಾಟುವ ಕಡೆ ಮೂರನೆಯವನೊಬ್ಬ ಆ ಕಡೆ ನಿಂತು ತೆಗೆದುಕೊಳ್ಳಬೇಕು. ಹೆಗಲ ಮೇಲೆ ಹೊರುವುದು, ತಲೆಯ ಮೇಲಿಡುವುದು ಬೇಡವೇ ಬೇಡ. ವಾಲಿದೊಡನೆ ಮುಚ್ಚಳದ ಗಾಳಿಕಿಂಡಿಯಿಂದ ಆ್ಯಸಿಡ್ ಇಳಿಯುವುದು ಕಣ್ಣಿಗೇ. ಹಳೆಯ ಬ್ಯಾಟರಿಯ ಹಗ್ಗದ ಹಿಡಿಯನ್ನು ನಂಬುವ ಮುನ್ನ ಒಮ್ಮೆ ಎಳೆದು ನೋಡಬೇಕು. ಆ್ಯಸಿಡ್ ತಾಗಿದ ಹಗ್ಗ ನೋಡಲು ಗಟ್ಟಿಯಾಗಿಯೇ ಇದ್ದು ಅರ್ಧ ದಾರಿಯಲ್ಲಿ ಕಡಿಯುತ್ತದೆ.

ವಾಹನದಲ್ಲಿ ಇಡುವಾಗ ಮುಖ್ಯವಾದದ್ದು ನೆಟ್ಟಗಿಡುವುದು, ಅಲುಗದಂತೆ ಕಟ್ಟುವುದು, ಟರ್ಮಿನಲ್ ಮುಚ್ಚುವುದು. ಟರ್ಮಿನಲ್‌ಗಳಿಗೆ ಪ್ಲಾಸ್ಟಿಕ್ ಟೋಪಿ ಇಲ್ಲವೆ ರಬ್ಬರ್ ತುಂಡು ಹಾಕಿ ಟೇಪು ಸುತ್ತಿದರೆ ಸಾಕು. ಅಡಿಗೆ ಅಂಚಿರುವ ಪ್ಲಾಸ್ಟಿಕ್ ಟ್ರೇ ಇದ್ದರೆ ಸೋರಿದ ಆ್ಯಸಿಡ್ ಅಲ್ಲೇ ನಿಲ್ಲುತ್ತದೆ. ಒಂದರ ಮೇಲೊಂದು ಪೇರಿಸಬಾರದು. ಟೂಲ್ಸ್ ಪೆಟ್ಟಿಗೆ, ಸರಪಳಿ, ಲಂಗರು ಅದೇ ಟೆಂಪೊದಲ್ಲಿದ್ದರೆ ಅವನ್ನು ದೂರ ಕಟ್ಟಿಡಬೇಕು, ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರಿ ಬ್ಯಾಟರಿಯ ಮೇಲೆ ಬೀಳುವುದು ಅವೇ. ಮುಚ್ಚಿದ ಕಾರಿನ ಡಿಕ್ಕಿಗಿಂತ ತೆರೆದ ಗೂಡ್ಸ್ ರಿಕ್ಷಾ ಮೇಲು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಎರಡು ಕಾಲುಗಳ ನಡುವೆ ಬ್ಯಾಟರಿ ಇಟ್ಟುಕೊಂಡು ಹೋಗುವವರನ್ನು ನೋಡಿದರೆ ನನ್ನ ಎದೆ ಝಲ್ಲೆನ್ನುತ್ತದೆ. ಸ್ಕೂಟರ್ ಬಿದ್ದರೆ ಆ ತೂಕವೂ ಆ್ಯಸಿಡ್ಡೂ ಬೀಳುವುದು ಅದೇ ಕಾಲಿನ ಮೇಲೆ.

ಬಲೆಯ ಜೊತೆ ಬ್ಯಾಟರಿಯನ್ನು ಒಂದೇ ಟೆಂಪೊದಲ್ಲಿ ಹಾಕುವುದು ನಮ್ಮಲ್ಲಿ ಸಾಮಾನ್ಯ. ಇದರ ನಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ. ಪರ್ಸೀನ್ ಬಲೆಗೂ ಬೀಡುಬಲೆಗೂ ಬಳಸುವ ನೈಲಾನ್ ನೂಲನ್ನು ಗಂಧಕಾಮ್ಲ ತಿನ್ನುತ್ತದೆ. ಟ್ರಾಲ್ ಬಲೆಯ ಪಾಲಿಎಥಿಲೀನ್ ನೂಲು ಅದನ್ನು ತಾಳಿಕೊಳ್ಳಬಲ್ಲದು, ನೈಲಾನ್ ತಾಳದು. ಜೂನಿನಲ್ಲಿ ಟೆಂಪೊದಲ್ಲಿ ಬಿದ್ದ ನಾಲ್ಕು ಹನಿ ಆಗಸ್ಟಿನಲ್ಲಿ, ಬಂಗುಡೆಯೋ ಬೂತಾಯಿಯೋ ತುಂಬಿ ಬಲೆ ಬಿಗಿದಾಗ, ತೂತಾಗಿ ಕಾಣಿಸಿಕೊಳ್ಳುತ್ತದೆ. ಆಗ ಯಾರೂ ಬ್ಯಾಟರಿಯನ್ನು ನೆನೆಯುವುದಿಲ್ಲ. ಹತ್ತಿಯ ಬಟ್ಟೆಯ ಕತೆಯೂ ಹೀಗೆಯೇ. ಆ್ಯಸಿಡ್ ತಾಗಿದ ದಿನ ಲುಂಗಿಯಲ್ಲಿ ಏನೂ ತೋರುವುದಿಲ್ಲ, ಒಗೆದು ಹಿಂಡಿದಾಗ ತೂತುಗಳೇಳುತ್ತವೆ. ಬಟ್ಟೆಗೆ ಹಾಗೆ ಮಾಡುವುದು ಕಣ್ಣಿಗೆ ಏನು ಮಾಡೀತು ಎಂದು ಯೋಚಿಸಿದರೆ, ಬ್ಯಾಟರಿ ಎತ್ತುವ ಹುಡುಗನಿಗೆ ಒಂದು ಕನ್ನಡಕ ಮತ್ತು ರಬ್ಬರ್ ಕೈಗವಸು ಕೊಡಿಸಲು ಮಾಲೀಕರು ಹಿಂದೆಮುಂದೆ ನೋಡಬಾರದು.

ಕಣ್ಣಿಗೆ ಆ್ಯಸಿಡ್ ಬಿದ್ದರೆ ಮಾಡಬೇಕಾದದ್ದು ಒಂದೇ. ರೆಪ್ಪೆ ಅಗಲಿಸಿ ಹಿಡಿದು, ಶುದ್ಧ ನೀರನ್ನು ಕನಿಷ್ಠ 15 ನಿಮಿಷ ಹರಿಸುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆಗೆ. ಸೋಡಾ, ಹಾಲು, ಎಣ್ಣೆ ಯಾವುದನ್ನೂ ಕಣ್ಣಿಗೆ ಹಾಕಬಾರದು. ಬಂದರಿನಲ್ಲಿ ಸುತ್ತ ನೀರಿದ್ದರೂ ಕಣ್ಣಿಗೆ ಹಾಕಬಹುದಾದ ನೀರಿರುವುದಿಲ್ಲ, ಆದ್ದರಿಂದ ಒಂದು ಕ್ಯಾನ್ ಕುಡಿಯುವ ನೀರು ಬ್ಯಾಟರಿಯ ಜೊತೆಗೇ ಸಾಗಬೇಕು. ನೆಲಕ್ಕೆ, ಟ್ರೇಗೆ ಚೆಲ್ಲಿದ ಆ್ಯಸಿಡ್‌ಗೆ ಅಡುಗೆ ಸೋಡಾ ಎರಚಿದರೆ ನೊರೆಯೆದ್ದು ಶಾಂತವಾಗುತ್ತದೆ. ನೊರೆ ನಿಂತ ಮೇಲೆ ನೀರು ಹಾಕಿ ತೊಳೆಯಬಹುದು.

ಮನೆಗೆ ತಂದ ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಎಂಬ ನಂಬಿಕೆ ಇಂದಿಗೂ ಗಟ್ಟಿಯಾಗಿದೆ. ಮರದ ಮತ್ತು ಹಳೆಯ ರಬ್ಬರಿನ ಪೆಟ್ಟಿಗೆಗಳಿದ್ದ ಕಾಲದಲ್ಲಿ ಅದರಲ್ಲಿ ಸತ್ಯವಿತ್ತು. ಒದ್ದೆ ನೆಲದಿಂದ ಪೆಟ್ಟಿಗೆಯೇ ತೇವ ಹೀರಿ ವಿದ್ಯುತ್ತು ಸೋರಲು ದಾರಿ ಮಾಡಿಕೊಡುತ್ತಿತ್ತು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಆ ತೊಂದರೆಯಿಲ್ಲ. ಆದರೂ ಕೆಳಗೊಂದು ಹಲಗೆ ಇಡುವ ಅಭ್ಯಾಸವನ್ನು ನಾನು ಬಿಡಿ ಎನ್ನಲಾರೆ, ಮಳೆಗಾಲದ ನೆಲದ ಪಸೆಯಿಂದ ಅದು ದೂರವಿಡುತ್ತದೆ. ಬಿಡಬೇಕಾದದ್ದು ಗೋಣಿಚೀಲವನ್ನು. ಅದು ಆ್ಯಸಿಡ್ಡನ್ನೂ ಉಪ್ಪಿನ ತೇವವನ್ನೂ ಹೀರಿ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ.

ಈಗಿನ ಬ್ಯಾಟರಿಯ ಚಾರ್ಜ್ ಸೋರುವ ದಾರಿ ಅದರ ತಲೆಯ ಮೇಲಿದೆ. ಕಡಲ ಗಾಳಿಯ ಉಪ್ಪು, ಧೂಳು, ಚಾರ್ಜಿಂಗ್ ವೇಳೆ ಹಾರಿದ ಆ್ಯಸಿಡ್‌ನ ತುಂತುರು ಸೇರಿ ಮುಚ್ಚಳದ ಮೇಲೆ ಒಂದು ಪದರ ಕಟ್ಟುತ್ತದೆ. ಮಳೆಗಾಲದ ತೇವಕ್ಕೆ ಆ ಪದರ ಎರಡು ಟರ್ಮಿನಲ್‌ಗಳ ನಡುವೆ ಸಣ್ಣ ತಂತಿಯಂತೆ ಕೆಲಸ ಮಾಡುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ನೆಗೆಟಿವ್‌ಗೆ ಹಿಡಿದು ಇನ್ನೊಂದನ್ನು ಮುಚ್ಚಳದ ಪ್ಲಾಸ್ಟಿಕ್ ಮೇಲೆ ಆಡಿಸಿ ನೋಡಿ. ಒಂದೆರಡು ವೋಲ್ಟ್ ತೋರಿಸಿದರೆ ಅಲ್ಲಿ ಸೋರಿಕೆ ಇದೆ ಎಂದೇ ಅರ್ಥ. ಸೆಲ್‌ಗಳ ಬಿರಡೆಗಳನ್ನು ಬಿಗಿಯಾಗಿ ಹಾಕಿ, ಸೋಡಾ ಬೆರೆಸಿದ ನೀರಿನ ಬಟ್ಟೆಯಿಂದ ಒರೆಸಿ, ಸಿಹಿನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ ಒಣಗಿಸಬೇಕು. ಸೋಡಾ ನೀರು ಒಳಗೆ ಹೋಗಬಾರದು, ಹೋದರೆ ಒಳಗಿನ ಆ್ಯಸಿಡ್ಡೇ ಕೆಡುತ್ತದೆ. ಟರ್ಮಿನಲ್‌ಗಳಿಗೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಹಸಿರು-ಬಿಳಿ ಕಿಲುಬು ಹತ್ತುವುದಿಲ್ಲ.

ಮೇಲೆ ಎಷ್ಟೇ ಚೊಕ್ಕಟವಾಗಿಟ್ಟರೂ ಒಳಗಿನ ಸೋರಿಕೆ ಇದ್ದೇ ಇರುತ್ತದೆ. ನಮ್ಮ ಕಡೆಯ ಸೆಕೆಯಲ್ಲಿ ಒಳ್ಳೆಯ ಬ್ಯಾಟರಿಯೂ ತಿಂಗಳಿಗೆ ನೂರಕ್ಕೆ ಐದರಷ್ಟಾದರೂ ಕಳೆದುಕೊಳ್ಳುತ್ತದೆ, ಹಳೆಯದಾದಷ್ಟೂ ಹೆಚ್ಚು. ತಾಪಮಾನ ಹತ್ತು ಡಿಗ್ರಿ ಏರಿದರೆ ಈ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ. ಇದರಿಂದ ಚಾರ್ಜ್ ಕಡಿಮೆಯಾಗುವುದಷ್ಟೇ ಆಗಿದ್ದರೆ ಆಗಸ್ಟಿನಲ್ಲಿ ಮತ್ತೆ ತುಂಬಿಸಿದರಾಗಿತ್ತು. ಚಾರ್ಜ್ ಇಳಿದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಆಗಲೇ ಚಾರ್ಜ್ ಮಾಡಿದರೆ ಅದು ಕರಗಿ ಆ್ಯಸಿಡ್‌ಗೆ ಮರಳುತ್ತದೆ. ವಾರಗಟ್ಟಲೆ ಬಿಟ್ಟರೆ ದೊಡ್ಡ ಹರಳುಗಳಾಗಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಅಷ್ಟು ಪಾಲು ಫಲಕ ಸತ್ತ ಹಾಗೆಯೇ. ಮೇ 31ರಂದು ಅರೆ ಚಾರ್ಜಿನಲ್ಲಿ ಬಿಚ್ಚಿ ತಂದು ಹಾಗೆಯೇ ಇಟ್ಟ ಬ್ಯಾಟರಿಯ ಆಯುಸ್ಸು ಆ 61 ದಿನಗಳಲ್ಲೇ ತೀರಬಹುದು. ಕೆಟ್ಟಿದ್ದು ಗೊತ್ತಾಗುವುದು ಮಾತ್ರ ತಡವಾಗಿ.

ಪರಿಹಾರ ಸರಳ. ಬೋಟಿನಿಂದ ಇಳಿದ ವಾರದಲ್ಲೇ ಪೂರ್ತಿ ಚಾರ್ಜ್. ಜುಲೈ ಮೊದಲ ವಾರ ಒಮ್ಮೆ ನೋಡುವುದು, ಬೇಕಾದರೆ ಚಾರ್ಜ್. ಕಡಲಿಗಿಳಿಯುವ ಮುನ್ನ ಮತ್ತೊಮ್ಮೆ. 100 ಆಂಪಿಯರ್-ಗಂಟೆಯ ಬ್ಯಾಟರಿಗೆ 10 ಆಂಪಿಯರಿನ ಚಾರ್ಜು ಹಿತ, ಅವಸರದ ಚಾರ್ಜು ಅದನ್ನು ಕಾಯಿಸುತ್ತದೆ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟ ಮೇಲೆ ಮಲ್ಟಿಮೀಟರ್ 12.6 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸಿದರೆ ಪೂರ್ತಿ ತುಂಬಿದೆ. 12.4 ಬಂದರೆ ಮುಕ್ಕಾಲು, ಚಾರ್ಜಿಗೆ ಹಾಕುವ ಹೊತ್ತು. 12.2 ಎಂದರೆ ಅರ್ಧ. 12ಕ್ಕೆ ಇಳಿದಿದ್ದರೆ ಉಳಿದಿರುವುದು ಕಾಲು ಪಾಲು. ಬಿರಡೆ ತೆಗೆಯಬಹುದಾದ ಬ್ಯಾಟರಿಗೆ ಆ್ಯಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇನ್ನೂ ನಂಬಿಕಸ್ಥ. ಆರು ಸೆಲ್‌ಗಳಲ್ಲಿ ಒಂದು ಉಳಿದವುಗಳಿಗಿಂತ 0.050ರಷ್ಟು ಕೆಳಗೆ ತೋರಿಸಿದರೆ ಆ ಸೆಲ್ ಕೈಕೊಡುವ ಹಾದಿಯಲ್ಲಿದೆ ಎಂದು ತಿಳಿಯಬೇಕು.

ನೀರು ಹಾಕುವುದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಚಾರ್ಜಿಂಗ್ ವೇಳೆ ಉಕ್ಕಿ ಆ್ಯಸಿಡ್ ಹೊರಚೆಲ್ಲುತ್ತದೆ. ಫಲಕಗಳೇ ಹೊರಗೆ ಕಾಣುತ್ತಿದ್ದರೆ ಅವು ಮುಳುಗುವಷ್ಟು ಮಾತ್ರ ಮೊದಲು ಹಾಕಬಹುದು. ಹಾಕುವುದು ಡಿಸ್ಟಿಲ್ಡ್ ವಾಟರ್ ಆಗಿರಲೇಬೇಕು. ಬಾವಿ ನೀರು ಬೇಡ, ಕಡಲಂಚಿನ ಬಾವಿಯಲ್ಲಂತೂ ಕ್ಲೋರೈಡ್ ಇರುತ್ತದೆ. ಮಾಡಿನಿಂದ ಇಳಿದ ಮಳೆನೀರು ಶುದ್ಧವೆಂದು ಹಿಡಿದಿಡುವವರಿದ್ದಾರೆ. ಆ ಮಾಡಿನ ಮೇಲೆ ಆರು ತಿಂಗಳ ಕಡಲ ಉಪ್ಪು ಕೂತಿರುತ್ತದೆ. ಆ್ಯಸಿಡ್ಡನ್ನು ಮನೆಯಲ್ಲಿ ಸೇರಿಸಲು ಹೋಗಲೇಬಾರದು. ಸೆಲ್‌ನಲ್ಲಿ ಕಡಿಮೆಯಾಗಿರುವುದು ನೀರು, ಆ್ಯಸಿಡ್ ಅಲ್ಲೇ ಇದೆ.

ಆಗಸ್ಟ್ ಬಂದಾಗ ಬ್ಯಾಟರಿಯನ್ನು ಬೋಟಿಗೆ ಹಾಕಿದ ಮೇಲೆ ಒಂದು ಪರೀಕ್ಷೆ ದಕ್ಕೆಯಲ್ಲೇ ಆಗಬೇಕು. ಎಂಜಿನ್ ಸ್ಟಾರ್ಟ್ ಮಾಡುವಾಗ ಒಬ್ಬರು ಮಲ್ಟಿಮೀಟರ್ ಹಿಡಿದು ನೋಡಲಿ. 12 ವೋಲ್ಟಿನ ಬ್ಯಾಟರಿ ಆ ಕ್ಷಣದಲ್ಲಿ 9.6ಕ್ಕಿಂತ ಕೆಳಗೆ ಕುಸಿದರೆ ಅದನ್ನು ನಂಬಿ ಹೊರಡಬಾರದು. ಮಳೆಗಾಲದ ಅಬ್ಬರ ಇನ್ನೂ ಇಳಿದಿರದ ಆ ವಾರಗಳಲ್ಲಿ, ದಡ ಕಾಣದ ದೂರದಲ್ಲಿ ಎಂಜಿನ್ ನಿಂತು ಮತ್ತೆ ಸ್ಟಾರ್ಟ್ ಆಗದಿದ್ದರೆ ಬೋಟು ಅಲೆಗೆ ಅಡ್ಡ ತಿರುಗುತ್ತದೆ. ಅಪಾಯದ ಕರೆಗೆಂದು ಮೀಸಲಾದ ವಿಎಚ್‌ಎಫ್ 16ನೇ ಚಾನೆಲ್‌ನಲ್ಲಿ ಮಾತಾಡಬೇಕೆಂದರೂ ಅದೇ ಬ್ಯಾಟರಿ ಬೇಕು. ಜಿಪಿಎಸ್‌ಗೆ ಬೇಕು, ಬೇರೆ ಹಡಗಿಗೆ ನಾವಿದ್ದೇವೆ ಎಂದು ತೋರಿಸುವ ದೀಪಕ್ಕೆ ಬೇಕು. ಕರಾವಳಿ ಕಾವಲು ಪಡೆಯ 1554 ಸಂಖ್ಯೆ ಬೋಟು ನಡೆಸುವ ತಾಂಡೇಲರಿಗೆ ಬಾಯಿಪಾಠವಿದ್ದರೂ ಮೊಬೈಲ್ ಸಿಗ್ನಲ್ ಮುಗಿದ ಕಡೆ ಉಳಿಯುವುದು ವಯರ್‌ಲೆಸ್ ಒಂದೇ. ಬೋಟಿನೊಳಗೆ ಬ್ಯಾಟರಿಯ ಜಾಗವನ್ನೂ ಆಗಲೇ ನೋಡಿಬಿಡಬೇಕು. ತಳದಲ್ಲಿ ನೀರು ನಿಲ್ಲುವ ಮಟ್ಟಕ್ಕಿಂತ ಸಾಕಷ್ಟು ಮೇಲೆ, ಪಟ್ಟಿಯಿಂದ ಬಿಗಿದು, ಮೇಲೆ ಗಾಳಿಯಾಡುವ ಮುಚ್ಚಳ ಹಾಕಿ. ಉಪ್ಪುನೀರು ಸೆಲ್‌ಗೆ ಹೋದರೆ ಜಲಾಂತರ್ಗಾಮಿಯಲ್ಲಿ ಹುಟ್ಟಿದ ಕ್ಲೋರಿನ್ ಎಂಜಿನ್ ಕೋಣೆಯಲ್ಲೂ ಹುಟ್ಟುತ್ತದೆ.

ಈಗ ಲಿಥಿಯಂ ಬರುತ್ತಿದೆ. ಹಗುರ, ಆ್ಯಸಿಡ್ ಇಲ್ಲ, ನೀರು ಹಾಕುವ ರಗಳೆಯಿಲ್ಲ. ಕೇರಳದ ವೈಕಂ ಮತ್ತು ತವಣಕ್ಕಡವು ನಡುವೆ 2017ರಿಂದ ಓಡುತ್ತಿರುವ ಸೌರಶಕ್ತಿಯ ದೋಣಿ 'ಆದಿತ್ಯ' 75 ಜನರನ್ನು ಲಿಥಿಯಂ ಬ್ಯಾಟರಿಯ ಬಲದಲ್ಲೇ ದಾಟಿಸುತ್ತದೆ. 2023ರಲ್ಲಿ ಶುರುವಾದ ಕೊಚ್ಚಿ ವಾಟರ್ ಮೆಟ್ರೊದ ದೋಣಿಗಳೂ ಬ್ಯಾಟರಿಯವೇ. ಅಲ್ಲಿ ತರಬೇತಾದ ಸಿಬ್ಬಂದಿ ಇದ್ದಾರೆ, ಬ್ಯಾಟರಿಗೆಂದೇ ಕಟ್ಟಿದ ಕೋಣೆಗಳಿವೆ. ಮೀನುಗಾರರು ದೀಪಕ್ಕೋ ಫಿಶ್ ಫೈಂಡರಿಗೋ ಅಂಗಡಿಯಿಂದ ತರುವ ಲಿಥಿಯಂ ಪೆಟ್ಟಿಗೆಗೆ ಆ ಕಾವಲಿಲ್ಲ. ಸೀಸದ ಬ್ಯಾಟರಿಯಿಂದ ಕಲಿತ ಕೆಲವು ಅಭ್ಯಾಸಗಳು ಇದಕ್ಕೆ ಹಾನಿಯೇ. ಪೂರ್ತಿ ತುಂಬಿಸಿ ಇಡುವುದು ಸೀಸಕ್ಕೆ ಸರಿ, ಲಿಥಿಯಂಗೆ ತಪ್ಪು. ತಿಂಗಳುಗಟ್ಟಲೆ ಇಡುವುದಾದರೆ ಅರ್ಧದಷ್ಟು ಚಾರ್ಜಿನಲ್ಲಿ, ತಂಪಾದ ಒಣ ಜಾಗದಲ್ಲಿಡಬೇಕು. ಸೀಸದ ಬ್ಯಾಟರಿಯ ಚಾರ್ಜರನ್ನು ಅದಕ್ಕೆ ಸಿಕ್ಕಿಸಬಾರದು. ಮೈ ಉಬ್ಬಿದ, ಕೆಳಗೆ ಬಿದ್ದು ನಜ್ಜಾದ, ಉಪ್ಪುನೀರಿನಲ್ಲಿ ಮುಳುಗಿದ ಲಿಥಿಯಂ ಬ್ಯಾಟರಿಯನ್ನು ಒಣಗಿಸಿ ಮತ್ತೆ ಬಳಸುವ ಯೋಚನೆಯನ್ನೇ ಮಾಡಬಾರದು. ಒಳಗೆ ನಿಧಾನವಾಗಿ ನಡೆದ ಷಾರ್ಟ್ ದಿನಗಳ ನಂತರ ಬೆಂಕಿಯಾಗಿ ಏಳಬಲ್ಲದು. ಅದನ್ನು ಮನೆಯಿಂದ ದೂರ, ಬಯಲಿನಲ್ಲಿಟ್ಟು ಮಾರಿದವರಿಗೆ ತಿಳಿಸಬೇಕು.

ಎಲೆಕ್ಟ್ರಿಕ್ ದೋಣಿಗಳಲ್ಲಿ ಎಲ್ಲರಿಗಿಂತ ಮುಂದಿರುವ ನಾರ್ವೆಯೂ ಇದನ್ನು ಕಷ್ಟಪಟ್ಟೇ ಕಲಿಯಿತು. 2019ರ ಅಕ್ಟೋಬರ್‌ನಲ್ಲಿ ಇಟ್ಟೆರೊಯ್‌ನಿಂಗನ್ ಎಂಬ ದೋಣಿಯ ಬ್ಯಾಟರಿ ಕೋಣೆಗೆ ಬೆಂಕಿ ಬಿತ್ತು. ಬ್ಯಾಟರಿ ತಂಪಿಡುವ ದ್ರವ ಸೋರಿದ್ದು ಅದರ ಮೂಲ. ಬೆಂಕಿ ಹತೋಟಿಗೆ ಬಂತೆಂದು ತಿಳಿದ ಮರುದಿನ ಬೆಳಗ್ಗೆ, ದಡದಲ್ಲಿ ಕಟ್ಟಿ ನಿಲ್ಲಿಸಿದ್ದ ಅದೇ ದೋಣಿಯೊಳಗೆ ಕೂಡಿಕೊಂಡಿದ್ದ ಅನಿಲ ಸ್ಫೋಟಿಸಿತು. ಅಗ್ನಿಶಾಮಕ ಸಿಬ್ಬಂದಿ ಆಸ್ಪತ್ರೆ ಸೇರಬೇಕಾಯಿತು. 2021ರ ಮಾರ್ಚ್‌ನಲ್ಲಿ ಬ್ರಿಮ್ ಎಂಬ ಪ್ರವಾಸಿ ದೋಣಿಯಲ್ಲಿ ಗಾಳಿಕಿಂಡಿಯ ದಾರಿಯಿಂದ ಕಡಲ ನೀರು ಬ್ಯಾಟರಿ ಕೋಣೆಗೆ ಹೊಕ್ಕು ಷಾರ್ಟ್ ಆಗಿ ಬೆಂಕಿ ಹತ್ತಿತು. ಕ್ಯಾಲಿಫೋರ್ನಿಯಾದ ಕಡಲಲ್ಲಿ 2019ರ ಸೆಪ್ಟೆಂಬರ್ 2ರಂದು ಕಾನ್ಸೆಪ್ಷನ್ ಎಂಬ ದೋಣಿ ಹೊತ್ತಿ ಉರಿದು 34 ಜನ ಸತ್ತರು. ಬೆಂಕಿ ಎಲ್ಲಿಂದ ಹುಟ್ಟಿತೆಂದು ತನಿಖೆಗೆ ಖಚಿತವಾಗಿ ಹೇಳಲಾಗಲಿಲ್ಲ, ಆದರೆ ರಾತ್ರಿ ಎಚ್ಚರವಿದ್ದು ಸುತ್ತು ಹಾಕುವವರು ಯಾರೂ ಇರಲಿಲ್ಲ ಎಂಬುದು ಅದರ ಮುಖ್ಯ ದೋಷಾರೋಪ. ಆ ರಾತ್ರಿ ದೋಣಿಯಲ್ಲಿ ಫೋನು, ಕ್ಯಾಮೆರಾಗಳ ಬ್ಯಾಟರಿಗಳು ಚಾರ್ಜಿಗೆ ಇದ್ದವು. ಲಿಥಿಯಂ ಬ್ಯಾಟರಿಯನ್ನು ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಬಿಡಬೇಡಿ, ಬಾಗಿಲಿನ ದಾರಿಗೆ ಅಡ್ಡವಾಗಿ ಇಡಬೇಡಿ ಎಂದು ಹೇಳುವುದು ಇದಕ್ಕಾಗಿಯೇ.

ಬ್ಯಾಟರಿಗಳ ಸಾಗಾಟದ ನಿಯಮಗಳೂ ಬಿಗಿ. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಆ್ಯಸಿಡ್ ತುಂಬಿದ ಬ್ಯಾಟರಿಗೆ 2794, ಲಿಥಿಯಂ-ಅಯಾನ್ ಬ್ಯಾಟರಿಗೆ 3480 ಎಂಬ ಸಂಖ್ಯೆಗಳಿವೆ. ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು 2016ರಿಂದ ಪ್ರಯಾಣಿಕರ ವಿಮಾನದ ಸರಕಿನಲ್ಲಿ ಹಾಕುವಂತಿಲ್ಲ. ಪ್ರಯಾಣಿಕರು ತಮ್ಮ ಕೈಚೀಲದಲ್ಲಿ ಒಯ್ಯಬಹುದಾದದ್ದು 100 ವ್ಯಾಟ್-ಗಂಟೆಯವರೆಗೆ, ವಿಮಾನ ಸಂಸ್ಥೆ ಒಪ್ಪಿದರೆ 160ರವರೆಗೆ. ಬೋಟಿನ 12.8 ವೋಲ್ಟ್, 100 ಆಂಪಿಯರ್-ಗಂಟೆಯ ಒಂದು ಲಿಥಿಯಂ ಬ್ಯಾಟರಿ ಎಂದರೆ 1,280 ವ್ಯಾಟ್-ಗಂಟೆ. ಬೇರೆ ಊರಿಂದ ಅಗ್ಗಕ್ಕೆ ತರಿಸುವವರು ಕೊರಿಯರ್‌ನಲ್ಲಿ ಬೇರೆ ಹೆಸರು ಬರೆಸಿ ಕಳಿಸುವುದುಂಟು. ಒಳಗೇನಿದೆ ಎಂದು ಗೊತ್ತಿಲ್ಲದ ಲಾರಿ ಡ್ರೈವರ್, ಗೋದಾಮಿನ ಕೂಲಿಯಾಳು ಅದನ್ನು ಎಸೆದು, ಪೇರಿಸಿ, ಬಿಸಿಲಿಗಿಡುತ್ತಾರೆ. ಇದು ಕ್ಷಮಿಸಲಾಗದ ತಪ್ಪು ಎಂದೇ ನಾನು ಹೇಳುತ್ತೇನೆ.

ಆಯುಸ್ಸು ಮುಗಿದ ಬ್ಯಾಟರಿಯ ದಾರಿ ನಮ್ಮಲ್ಲಿ ಬಹುಪಾಲು ಗುಜರಿ ಅಂಗಡಿಯ ಕಡೆಗೆ. ಸೀಸಕ್ಕೆ ಬೆಲೆಯಿದೆ, ತೂಕಕ್ಕೆ ಹಣ ಸಿಗುತ್ತದೆ. ತೂಕ ಹಾಕುವ ಮುನ್ನ ಆ್ಯಸಿಡ್ ಚೆಲ್ಲಿ ಎಂದು ಹೇಳುವ ಗುಜರಿಯವರಿದ್ದಾರೆ. ಅದು ಹರಿಯುವುದು ಮನೆಯ ಹಿಂದಿನ ತೋಡಿಗೆ ಇಲ್ಲವೆ ಬಂದರಿನ ನೀರಿಗೆ. ಆ ಆ್ಯಸಿಡ್‌ನಲ್ಲಿ ಸೀಸ ಕರಗಿರುತ್ತದೆ. ಮಕ್ಕಳ ರಕ್ತದಲ್ಲಿ ಸೀಸ ಎಷ್ಟೇ ಕಡಿಮೆಯಿದ್ದರೂ ನಿರಪಾಯವೆನ್ನುವ ಮಟ್ಟ ಇಲ್ಲ, ಅದು ಬೆಳೆಯುವ ಮಿದುಳನ್ನೇ ಕುಂದಿಸುತ್ತದೆ. ಈ ವಿಷವನ್ನು ದೇಶದ ಗಮನಕ್ಕೆ ತರಲು ದಶಕಗಳ ಕಾಲ ದುಡಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್. ಬ್ಯಾಟರಿ ಒಡೆದು ಸೀಸ ಕರಗಿಸುವ ಸಣ್ಣ ಕುಲುಮೆಗಳ ಅಪಾಯವನ್ನು ಅವರಂಥವರು ಎಷ್ಟೋ ಹಿಂದೆಯೇ ಎತ್ತಿ ಹೇಳಿದ್ದಾರೆ.

2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಮರಳಿ ಪಡೆದು ಮರುಬಳಕೆಗೆ ಸೇರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಬಳಸುವವರು ಅದನ್ನು ಮನೆಯ ಕಸದ ಜೊತೆ ಸೇರಿಸದೆ ಸರಿಯಾದ ಕೈಗೆ ಒಪ್ಪಿಸಬೇಕೆಂಬುದೂ ಅದರಲ್ಲಿದೆ. ಹೊಸದು ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಗೆ, ಆ್ಯಸಿಡ್ ಚೆಲ್ಲದೆ, ಬಿರಡೆ ಬಿಗಿದು, ನೆಟ್ಟಗಿಟ್ಟು ಒಯ್ದು ಕೊಟ್ಟರೆ ಬೆಲೆಯಲ್ಲಿ ಕಡಿತವೂ ಸಿಗುತ್ತದೆ. ಬೋಟು ಮಾಲೀಕರ ಸಂಘಗಳೂ ಮೀನುಗಾರರ ಸಹಕಾರ ಸಂಘಗಳೂ ಮನಸ್ಸು ಮಾಡಿದರೆ ಪ್ರತಿ ಬಂದರಿನಲ್ಲಿ ಗಾಳಿಯಾಡುವ ಒಂದು ಶೆಡ್ಡು ಕಟ್ಟಿಸಬಹುದು. ಎರಡು ತಿಂಗಳು ಎಲ್ಲ ಬೋಟುಗಳ ಬ್ಯಾಟರಿ ಅಲ್ಲೇ ಇರಲಿ, ತಿಳಿದವನೊಬ್ಬ ವಾರಕ್ಕೊಮ್ಮೆ ನೋಡಿ ಚಾರ್ಜ್ ಮಾಡಲಿ, ಕೆಟ್ಟವು ಅಲ್ಲಿಂದಲೇ ಮರುಬಳಕೆಗೆ ಹೋಗಲಿ. ಬ್ಯಾಟರಿಯನ್ನು ಮನೆಯವರೆಗೆ ಹೊತ್ತೊಯ್ಯುವ ಅಗತ್ಯವೇ ಆಗ ಇರುವುದಿಲ್ಲ.